ಸವತಿಗೆ ಜ್ವರ

ಫೆಬ್ರುವರಿ 6

ರೇಡಿಯೇಟರ್ ಮೇಸ್ತ್ರಿಗಳಿಗೆ,

ನಾನು ನಿಮ್ಮ ಗೆಳೆಯರ ಹೆಂಡತಿ. ಲೇತ್ ಕೆಲಸದ ನಿಮ್ಮ ಗೆಳೆಯರು ಹೋದ ಅಕ್ಟೋಬರಿನಲ್ಲಿ ತೀರಿಕೊಂಡರು. ಎದೆನೋವು ಬಂದು ಮೂರು ದಿನ ಆಸ್ಪತ್ರೆಯಲ್ಲಿದ್ದರು. ಆಗಲೇ ತಿಳಿಸಬೇಕಿತ್ತು. ತಿಳಿಸಬಾರದು ಅಂತಲೇ ತಿಳಿಸಲಿಲ್ಲ. ಸುಳ್ಳು ಬರೆದು ಏನಾಗಬೇಕು?

ಮೂರನೆಯ ದಿನ ಮಧ್ಯಾಹ್ನ ನರ್ಸ್ ಅವರ ಬಾಯಿಂದ ಕೊಳವೆ ತೆಗೆದು, "ಮಾತಾಡಿಸಿ, ಆದರೆ ಆಯಾಸ ಮಾಡಿಸಬೇಡಿ" ಎಂದು ಹೊರಗೆ ಹೋದಳು. ನಾನು ಸ್ಟೂಲು ಎಳೆದುಕೊಂಡು ಹತ್ತಿರ ಕುಳಿತೆ. ಅವರು ನನ್ನನ್ನೇ ನೋಡಿ, "ಕಾರು ಯಾಕೆ ಬಿಸಿಯಾಗ್ತಿತ್ತು ಅಂತ ಮೇಸ್ತ್ರಿನ ಒಂದ್ಸಲ ಕೇಳು" ಅಂದರು.

"ಈಗ ಅದೆಲ್ಲ ಯಾಕೆ?" ಅಂದೆ.

"ಕೇಳು. ನೀನೇ ಕೇಳು."

ಅಷ್ಟೇ. ಸಂಜೆಗೆ ಹೋದರು. ಇಪ್ಪತ್ತಮೂರು ವರ್ಷ ಜೊತೆಗೆ ಬಾಳಿದವಳಿಗೆ ಒಂದು ಮಾತಿರಲಿಲ್ಲ. ಇದ್ದ ಉಸಿರನ್ನು ಆ ತಗಡಿಗೂ ನಿಮಗೂ ಹಂಚಿಬಿಟ್ಟು ಹೋದರು.

ನಾಲ್ಕು ತಿಂಗಳು ಸುಮ್ಮನಿದ್ದೆ. ಈಗ ಕೇಳುತ್ತಿದ್ದೇನೆ. ನೀವಿಬ್ಬರೂ ಭಾನುವಾರ ಭಾನುವಾರ ನಿಮ್ಮ ಶೆಡ್ಡಿನಲ್ಲಿ ಕೂಡಿ ರಿಪೇರಿ ಮಾಡಿದ ಆ ಹಳೆಯ ಕಾರು ಯಾಕೆ ಬಿಸಿಯಾಗುತ್ತದೆ? ಸಾಯುವವನಿಗೆ ಹೆಂಡತಿಗಿಂತ ದೊಡ್ಡದಾಗಿ ಕಂಡದ್ದು ಅದರೊಳಗೆ ಏನಿತ್ತು ಎಂದು ನನಗೆ ತಿಳಿಯಬೇಕು. ತಿಳಿಯುವವರೆಗೆ ನಿದ್ದೆ ಬರುವುದಿಲ್ಲ.

ನಿಮ್ಮ ಈಗಿನ ವಿಳಾಸ, ಎಲ್ಲಿಂದ ತಿಳಿದುಕೊಂಡಿದ್ದರೋ, ಅವರ ಪರ್ಸಿನಲ್ಲಿತ್ತು, ನನ್ನ ಫೋಟೋ ಇರಬೇಕಾದ ಜಾಗದಲ್ಲಿ. ನಂಬರೂ ಇತ್ತು. ಫೋನ್ ಮಾಡುವುದಿಲ್ಲ. ನಿಮ್ಮ ದನಿ ಕೇಳಿದರೆ ಅದರ ಆ ಕಡೆ ಅವರು ನಗುವುದು ಕೇಳಿಸುತ್ತದೆ. ನೀವೂ ಮಾಡಬೇಡಿ. ಕಾಗದ ಸಾಕು.

ಇಂತಿ,
ಅವರ ಹೆಂಡತಿ


ಫೆಬ್ರುವರಿ 19

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಾನೀಗ ಕೆಲಸ ಮಾಡುವ ಬಸ್ ಡಿಪೋದ ಗೇಟಿನಲ್ಲಿ ನಿಂತು ಓದಿದೆ. ಆಮೇಲೆ ಕೆಲಸಕ್ಕೆ ಹೋಗಲಿಲ್ಲ. ಅರ್ಧನೂಲು ಇಲ್ಲ ಅನ್ನುವುದನ್ನು ಇನ್ನೂ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಹೇಳಲು ಇಲ್ಲಿ ಅವನನ್ನು ಬಲ್ಲವರೂ ಇಲ್ಲ. ನನಗೆ ಬರೆಯಲು ಬರುವುದಿಲ್ಲ, ತಪ್ಪಿದ್ದರೆ ಮನ್ನಿಸಿ.

ಕಾರು ಬಿಸಿಯಾಗುವುದಕ್ಕೆ ನೂರು ಕಾರಣ ಇರುತ್ತದೆ. ಹಳೆಯ ಸ್ಪೋರ್ಟ್ಸ್ ಕಾರು, ಎಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮೂತಿಯಲ್ಲಿ. ನೀರು ಅಷ್ಟುದ್ದ ನಡೆದು ಹೋಗಿ ತಣಿದು ಬರಬೇಕು. ದಾರಿಯಲ್ಲಿ ಎಲ್ಲಿ ಎಡವಿದರೂ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ. ನಿಮಗೆ ಲಾಂಡ್ರಿಯ ವ್ಯಾನ್ ಓಡಿಸಿ ಅಭ್ಯಾಸವಿದೆ, ಅದಕ್ಕೆ ಹೇಳುತ್ತೇನೆ. ಮೊದಲು ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೀರು ನೋಡಿ. ಬಿಸಿಯಿದ್ದಾಗ ಖಂಡಿತ ಮುಟ್ಟಬೇಡಿ, ಮುಖಕ್ಕೆ ಹಾರುತ್ತದೆ. ಮುಚ್ಚಳದ ಒಳಗಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಎಣ್ಣೆ ಕಡ್ಡಿ ತೆಗೆದು ನೋಡಿ, ಎಣ್ಣೆ ಹಾಲು ಬೆರೆತ ಹಾಗೆ ಬೆಳ್ಳಗಿದ್ದರೆ ಮುಂದಕ್ಕೆ ಹೋಗಬೇಡಿ, ನನಗೆ ಬರೆಯಿರಿ.

ಆಮೇಲೆ ಓಡಿಸಿ. ನಿಂತಾಗ ಬಿಸಿಯಾಗುತ್ತದೋ, ಓಡುವಾಗ ಬಿಸಿಯಾಗುತ್ತದೋ ಅಷ್ಟು ಹೇಳಿ. ಕಾಯಿಲೆ ಅರ್ಧ ಅಲ್ಲೇ ತಿಳಿಯುತ್ತದೆ.

ನಿಮ್ಮ
ಮೇಸ್ತ್ರಿ


ಮಾರ್ಚ್ 11

ಮೇಸ್ತ್ರಿಗಳೇ,

ನನ್ನನ್ನು ಅತ್ತಿಗೆ ಅನ್ನಬೇಡಿ. ಆ ಸಂಬಂಧ ನಾನು ಒಪ್ಪಿ ಆದದ್ದಲ್ಲ.

ಅರ್ಧನೂಲು ಅಂದರೆ ಯಾರು ಎಂದು ನಾನು ಎರಡು ದಿನ ಯೋಚಿಸಿದೆ. ಲೇತಿನಲ್ಲಿ ಏನು ತಿರುಗಿಸಿದರೂ ಅಳತೆ ನೋಡಿ "ಇನ್ನೂ ಅರ್ಧ ನೂಲು ಹೆಚ್ಚಿದೆ" ಅನ್ನುತ್ತಿದ್ದರಲ್ಲ, ಅದಕ್ಕೆ ಇರಬೇಕು. ಹೆಸರು ಚೆನ್ನಾಗಿದೆ. ಇಪ್ಪತ್ತಮೂರು ವರ್ಷದಲ್ಲಿ ಅವರಿಗೆ ಇಂಥದೊಂದು ಹೆಸರಿದೆ ಎಂದು ನನಗೆ ಯಾರೂ ಹೇಳಲಿಲ್ಲ. ಹೊಟ್ಟೆ ಉರಿಯಿತು. ನಾನು ಅವರನ್ನು "ರೀ" ಎಂದು ಕರೆದೇ ಮುಗಿಸಿದೆ.

ಕೆಲಸದ ಮಾತು. ನೀರು ಎರಡು ಲೋಟ ಕಡಿಮೆ ಇತ್ತು, ತುಂಬಿಸಿದೆ. ರಬ್ಬರ್ ಬಿರುಕು ಬಿಟ್ಟಿತ್ತು, ಹೊಸ ಮುಚ್ಚಳ ತಂದೆ. ಎಣ್ಣೆ ಎಣ್ಣೆಯ ಬಣ್ಣವೇ ಇದೆ. ಭಾನುವಾರ ಹೊರಗೆ ತೆಗೆದೆ. ಸಿಗ್ನಲ್ಲಿನಲ್ಲಿ ನಿಂತರೆ ಮುಂದಿನ ಫ್ಯಾನ್ ತಾನೇ ತಿರುಗಿ ಮುಳ್ಳು ನಡುವೆ ನಿಲ್ಲುತ್ತದೆ. ಹೆದ್ದಾರಿಗೆ ಹೋಗಿ ಜೋರು ಬಿಟ್ಟರೆ ಹನ್ನೆರಡನೆಯ ನಿಮಿಷಕ್ಕೆ ಏರಲು ಶುರು. ನಿಧಾನ ಮಾಡಿದರೆ ಇಳಿಯುತ್ತದೆ. ಮೂರು ಸಲ ನೋಡಿದೆ, ಮೂರು ಸಲವೂ ಹಾಗೆಯೇ.

ಅದರೊಳಗೆ ನಾನು ಕುಳಿತದ್ದು ಇದು ಎರಡನೆಯ ಸಲ. ಎರಡೇ ಸೀಟು. ಪಕ್ಕದ ಸೀಟು ಒಂದು ಕಡೆ ಕುಸಿದಿದೆ, ಎಡಕ್ಕೆ ವಾಲಿ ಕೂರುವ ಗಂಡಸಿನ ಭಾರಕ್ಕೆ. ನಾನು ಅಲ್ಲಿ ಕೂತು ನೋಡಿದೆ. ನನಗೆ ಸರಿಹೋಗಲಿಲ್ಲ. ಒಂದು ದಿಂಬು ತಂದು ಆ ಗುಂಡಿಗೆ ತುರುಕಿದ್ದೇನೆ.

ಸವತಿ ಮಣ್ಣಿನವಳಾದರೂ ಸವತಿಯೇ ಎಂದು ನಮ್ಮ ಅಮ್ಮ ಅನ್ನುತ್ತಿದ್ದಳು. ತಗಡಿನವಳಾದರೂ ಅಷ್ಟೇ. ಲಾಂಡ್ರಿಯಲ್ಲಿ ನನ್ನ ಪಕ್ಕದ ಮೇಜಿನವಳು ನಿನ್ನೆ, "ಏನಕ್ಕ, ಗಂಡ ಹೋದ ಮೇಲೆ ಸವತಿ ಬಾಣಂತನ ನೀನೇ ಮಾಡ್ತಿದ್ದೀಯಂತೆ?" ಅಂದಳು. "ಬಾಣಂತನ ಅಲ್ಲ ಕಣೇ, ಜ್ವರ ನೋಡ್ತಿದ್ದೀನಿ" ಅಂದೆ. ಎಲ್ಲರೂ ನಕ್ಕರು. ನನಗೂ ನಗು ಬಂತು. ಅಕ್ಟೋಬರಿನಿಂದ ಈಚೆಗೆ ಅದೇ ಮೊದಲು.

ಅವರ ಹೆಂಡತಿ


ಮಾರ್ಚ್ 24

ನಮಸ್ಕಾರ.

ಏನೆಂದು ಕರೆಯಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ಹಾಗಾಗಿ ಬರೀ ನಮಸ್ಕಾರ.

ಓಡುವಾಗ ಮಾತ್ರ ಬಿಸಿಯಾಗುತ್ತದೆ ಅಂದರೆ ಫ್ಯಾನ್ ಸರಿಯಿದೆ, ಅದರ ಸ್ವಿಚ್ಚೂ ಸರಿಯಿದೆ. ನೀರು ತಿರುಗುವುದರಲ್ಲೇ ಏನೋ ತಡೆ. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಈ ಕಾರಿಗೆ ಅದು ಹುಟ್ಟುಗುಣ. ಮುಂದಿನ ಚಕ್ರ ಎರಡನ್ನೂ ಮೊಳದಷ್ಟು ಎತ್ತರದ ಹಲಗೆಯ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿ. ಒಳಗಿನ ಹೀಟರ್ ಪೂರ್ತಿ ತೆರೆದಿಡಿ. ರೇಡಿಯೇಟರಿನ ನೆತ್ತಿಯಲ್ಲಿ ಸಣ್ಣ ತಿರುಪು ಇದೆ, ಅದನ್ನು ಸಡಿಲಿಸಿ ಹಿಂದಿನಿಂದ ನೀರು ಹುಯ್ಯುತ್ತಾ ಹೋಗಿ. ಮೊದಲು ಬುಸುಬುಸು ಗಾಳಿ, ಆಮೇಲೆ ಉಗುಳು, ಆಮೇಲೆ ಒಂದೇ ಧಾರೆ. ಧಾರೆ ಬಂದ ಮೇಲೆ ಬಿಗಿ ಮಾಡಿ.

ಅದಕ್ಕೂ ಹೋಗದಿದ್ದರೆ, ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆಗೆದು, ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಕುದಿಯುವ ಮುಂಚೆ ಅದು ಬಾಯಿ ತೆರೆಯಬೇಕು. ತೆರೆಯದಿದ್ದರೆ ಅದೇ ಕಳ್ಳ. ಕೆಳಗಿನ ರಬ್ಬರ್ ಪೈಪನ್ನೂ ನೋಡಿ. ಎಂಜಿನ್ ಜೋರು ಮಾಡಿದಾಗ ಅದು ಕೆನ್ನೆ ಒಳಗೆಳೆದುಕೊಂಡ ಹಾಗೆ ಚಪ್ಪಟೆಯಾದರೆ ಬದಲಿಸಿ.

ರೇಡಿಯೇಟರ್ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ನಾನೇ ಹೊಸದಾಗಿ ಕಟ್ಟಿದ್ದು.

ಅವನ ಪಕ್ಕದ ಸೀಟಿನಲ್ಲಿ ಎಡಕ್ಕೆ ವಾಲಿ ಕೂರುತ್ತಿದ್ದವನು ನಾನಲ್ಲ ಅನ್ನಲಾರೆ. ದಿಂಬು ಇಟ್ಟದ್ದು ಒಳ್ಳೆಯದಾಯಿತು.

ಮೇಸ್ತ್ರಿ


ಏಪ್ರಿಲ್ 20

ಮೇಸ್ತ್ರಿಗಳೇ,

ಎರಡು ಭಾನುವಾರ ಹಿಡಿಯಿತು. ಹಲಗೆ ಹೊಂದಿಸಿ ಅದನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿದಾಗ, ಉಗುರು ಕತ್ತರಿಸಿಕೊಳ್ಳಲು ಒಲ್ಲದೆ ಹಟ ಮಾಡುವ ಮಗುವಿನ ಹಾಗೆ ಕಂಡಿತು. ನೀವು ಬರೆದಂತೆಯೇ ಗಾಳಿ, ಉಗುಳು, ಧಾರೆ. ಗಾಳಿ ಬರುವಾಗ ಆ ತಿರುಪಿನ ಸದ್ದು ಕೇಳುತ್ತಾ ನೆಲದ ಮೇಲೆ ಕೂತೇಬಿಟ್ಟೆ. ಥರ್ಮೋಸ್ಟಾಟನ್ನು ಒಲೆಯ ಮೇಲಿಟ್ಟೆ. ನಮ್ಮ ಮನೆಯಲ್ಲಿ ಅಂಥ ಅಡುಗೆ ಇದೇ ಮೊದಲು. ನೋಡುತ್ತಾ ನಿಂತಂತೆ ಮೆಲ್ಲಗೆ ಬಾಯಿ ತೆರೆಯಿತು. ತೆಗೆದು ಹೊರಗಿಟ್ಟರೆ ಮುಚ್ಚಿಕೊಂಡಿತು. ಬೇಕಾಗಿರಲಿಲ್ಲ, ಆದರೂ ಇನ್ನೊಂದು ಸಲ ಮಾಡಿ ನೋಡಿದೆ. ಪೈಪು ಗಟ್ಟಿಯಾಗಿದೆ, ಕೆನ್ನೆ ಎಳೆದುಕೊಳ್ಳುವುದಿಲ್ಲ.

ಹೆದ್ದಾರಿಗೆ ಹೋದೆ. ಹನ್ನೆರಡರ ಬದಲು ಹದಿನಾಲ್ಕನೆಯ ನಿಮಿಷಕ್ಕೆ ಏರಿತು. ಅಷ್ಟೇ ಲಾಭ.

ಒಂದು ವಿಷಯ ಹೇಳದೆ ಇರಲಾರೆ. ನನಗೆ ಇದು ಹಿಡಿಸಿತು. ಕೈಗೆ ಗ್ರೀಸ್ ಮೆತ್ತಿಕೊಂಡು, ಯಾವುದು ತಪ್ಪಲ್ಲ ಎಂದು ಒಂದೊಂದನ್ನೇ ಬದಿಗಿಡುತ್ತಾ ಹೋಗುವುದರಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಿಡಿಸಿದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟು ಸುಖದ ಕೆಲಸವನ್ನು ನೀವಿಬ್ಬರೇ ಹಂಚಿಕೊಂಡಿರಿ. ನನಗೆ ಬಂದದ್ದು ಎಣ್ಣೆಯ ಅಂಗಿ ಒಗೆಯುವುದು. ಒಂದು ದಿನವೂ "ನೀನೂ ಬಾ" ಅನ್ನಲಿಲ್ಲ. ನಾನೂ "ಬರ್ತೀನಿ" ಅನ್ನಲಿಲ್ಲ, ಅದು ಬೇರೆ ಮಾತು. ಕರೆಯದೆ ಹೋಗಲು ನಾನೇನು ಅವರ ಮೇಸ್ತ್ರಿಯೇ?

ಇನ್ನೊಂದು ಕೇಳಬೇಕು. ಮೂರು ವರ್ಷದ ಹಿಂದೆ ಶೆಡ್ಡಿಗೆ ಬೀಗ ಜಡಿದು, ಹೇಳದೆ ಕೇಳದೆ ಯಾಕೆ ಊರು ಬಿಟ್ಟಿರಿ? ಅವರು ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಶೆಡ್ಡಿನ ಹೊರಗೆ ನಿಂತಿದ್ದ ಕಾರನ್ನು ಮನೆಯ ಹಿತ್ತಲಿಗೇ ತಂದರು. ಸವತಿಯನ್ನು ಮನೆಗೆ ತರುವುದೆಂದರೆ ಅದೇ. ಅಲ್ಲಿಂದ ಕೊನೆಯವರೆಗೆ ಪ್ರತಿ ಭಾನುವಾರ ಒಬ್ಬರೇ ಅದರ ಕೆಳಗೆ ಮಲಗಿರುತ್ತಿದ್ದರು. ಜಗಳವಾಗಿತ್ತೇ? ಕೇಳಿದರೆ "ಏನಿಲ್ಲ" ಅಂದರು. ನಿಮ್ಮ ಬಗ್ಗೆ ಕೇಳಿದಾಗ ಅವರ ದನಿ ಮೆತ್ತಗಾಗುತ್ತಿತ್ತು. ನಾನು ಜ್ವರದಲ್ಲಿ ಮಲಗಿದಾಗಲೂ ಅಷ್ಟು ಮೆತ್ತಗಾದದ್ದು ಕಾಣೆ.

ಅವರ ಹೆಂಡತಿ


ಜೂನ್ 2

ಮೇಸ್ತ್ರಿಗಳೇ,

ಆರು ವಾರ ನೀವು ಬರೆಯಲಿಲ್ಲ. ಯಾಕೆಂದು ಈಗ ತಿಳಿಯಿತು.

ರೇಡಿಯೇಟರ್ ಕಡೆ ತಲೆ ಕೆಡಿಸಿಕೊಳ್ಳಬೇಡಿ ಅಂದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕಳ್ಳ ಎಂದೂ ಅಂದಿರಲಿಲ್ಲ, ನೀವೇ ಮುಟ್ಟಿಕೊಂಡಿರಿ.

ನಾನು ಓದಿದ್ದು ಏಳನೆಯ ತರಗತಿ. ಆದರೆ ಹತ್ತೊಂಬತ್ತು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದೇನೆ. ಯಾವ ಬಟ್ಟೆಗೆ ಎಷ್ಟು ಕಾವು ಎಂದು ನನ್ನ ಅಂಗೈ ಹೇಳುತ್ತದೆ. ಹೋದ ಭಾನುವಾರ ಹೆದ್ದಾರಿಯಿಂದ ಬಂದವಳೇ ಎಂಜಿನ್ ನಿಲ್ಲಿಸಿ, ಫ್ಯಾನಿನ ವೈರ್ ಕಿತ್ತು, ಮೂತಿಯ ಜಾಲರಿ ಬಿಚ್ಚಿ, ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸಿದೆ. ಎಡಗಡೆ ಸುಡುತ್ತಿತ್ತು. ಬಲಗಡೆ ಸುಡುತ್ತಿತ್ತು. ನಡುವೆ ನಾಲ್ಕು ಬೆರಳಗಲ, ಮೇಲಿಂದ ಕೆಳಗಿನವರೆಗೆ, ಬರೀ ಉಗುರುಬೆಚ್ಚಗೆ. ಕೊಳೆ ಕಟ್ಟಿದ್ದರೆ ಅಂಚು ಸೊಟ್ಟಗಿರುತ್ತಿತ್ತು. ಇದು ಪ್ಯಾಂಟಿನ ಇಸ್ತ್ರಿ ಗೆರೆಯ ಹಾಗೆ ನೆಟ್ಟಗಿತ್ತು.

ಕಳಚಿಕೊಂಡು ಹೋಗಿ ಇಲ್ಲಿಯ ಬೇರೊಬ್ಬ ರೇಡಿಯೇಟರ್ ಮೇಸ್ತ್ರಿಗೆ ತೋರಿಸಿದೆ. ಮೇಲಿನ ತೊಟ್ಟಿ ಬಿಚ್ಚಿದ. ಬಗ್ಗಿ ನೋಡಿ ಶಿಳ್ಳೆ ಹಾಕಿದ. ಎರಡು ಸಾಲಿನಲ್ಲಿ ಇಪ್ಪತ್ತೆರಡು ಕೊಳವೆಯ ಬಾಯಿಗೆ ಬೆಸುಗೆ.

"ಸೋರುತ್ತಿತ್ತೇನೋ, ಅದಕ್ಕೆ ಮುಚ್ಚಿರಬೇಕು" ಅಂದೆ. ನಿಮ್ಮ ಪರವಾಗಿ ನಾನೇ ಅಂದೆ, ನೋಡಿ.

"ಸೋರಿದರೆ ಒಂದೋ ಎರಡೋ ಮುಚ್ಚುತ್ತೀವಮ್ಮ. ಇಪ್ಪತ್ತೆರಡು ಮುಚ್ಚುವವನು ಹುಚ್ಚನಾಗಿರಬೇಕು, ಇಲ್ಲ ಹಗೆಯಾಗಿರಬೇಕು" ಅಂದ. ಮತ್ತೆ ಬೆರಳಿಂದ ಸವರಿ, "ಕೈ ಮಾತ್ರ ಬಂಗಾರ. ನನಗೆ ಇಂಥ ಬೆಸುಗೆ ಬರಲ್ಲ. ಯಾರಮ್ಮ ಮಾಡಿದ್ದು, ನಿಮ್ಮವರಾ?" ಎಂದು ಕೇಳಿದ.

ಅಲ್ಲ, ನಮ್ಮವರಲ್ಲ ಅಂದೆ.

ಬೇಲಿಯೇ ಎದ್ದು ಹೊಲ ಮೇಯಿತಲ್ಲ, ಮೇಸ್ತ್ರಿ! ಮೂರು ವರ್ಷಕ್ಕೂ ಮೇಲೆ ಒಬ್ಬ ಮನುಷ್ಯನನ್ನು ಅಂಗಾತ ಮಲಗಿಸಿ, ಇಲ್ಲದ ತಪ್ಪನ್ನು ಹುಡುಕಿಸಿದಿರಿ. ಯಾಕೆ?

ಸಹಿ ಹಾಕಲು ಮನಸ್ಸಿಲ್ಲ.


ಜೂನ್ 15

ನಮಸ್ಕಾರ.

ಹೌದು, ನಾನೇ ಮುಚ್ಚಿದ್ದು. ನಿಮ್ಮ ಮೊದಲ ಕಾಗದ ಬಂದ ದಿನವೇ ಬರೆಯಬೇಕಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಗಾಳಿ, ಪೈಪು, ಮುಚ್ಚಳ ಅಂತ ನಿಮ್ಮನ್ನು ಸುತ್ತಾಡಿಸಿದೆ. ನೀವು ಬೇಸತ್ತು ಬಿಟ್ಟುಬಿಡುತ್ತೀರಿ ಎಂದುಕೊಂಡಿದ್ದೆ.

ಹಗೆಯಿಂದ ಮುಚ್ಚಿದ್ದಲ್ಲ. ಕಾರು ಮುಗಿಯುತ್ತಾ ಬಂದಿತ್ತು. ಮುಗಿದರೆ ಅವನು ಭಾನುವಾರ ಬರುವುದಿಲ್ಲ. ಹೆಂಡತಿಯಿಲ್ಲದ, ಮಕ್ಕಳಿಲ್ಲದ ನನ್ನಂಥವನಿಗೆ ವಾರದಲ್ಲಿ ಬಾಗಿಲು ತಟ್ಟುತ್ತಿದ್ದವನು ಅವನೊಬ್ಬನೇ. ಪೂರ್ತಿ ಕೆಡಬಾರದು, ಪೂರ್ತಿ ಸರಿಯೂ ಆಗಬಾರದು, ಅಷ್ಟು ಲೆಕ್ಕ ಹಾಕಿ ಮುಚ್ಚಿದೆ. ಊರೊಳಗೆ ಓಡಾಡಿದರೆ ಏನೂ ಆಗದು. ಜೋರು ಹೋದರೆ ಬಿಸಿಯಾಗುತ್ತದೆ. ಬಿಸಿಯಾದರೆ ನನ್ನ ಹತ್ತಿರ ಬರುತ್ತಾನೆ.

ಬಂದ. ಒಂದು ವರ್ಷ ಪ್ರತಿ ಭಾನುವಾರ ಬಂದ. ಇಬ್ಬರೂ ಕೂಡಿ ಹುಡುಕುತ್ತಿದ್ದೆವು. ಅವನು ಹುಡುಕುತ್ತಿದ್ದ, ನಾನು ಹುಡುಕುವವನ ಹಾಗೆ ಇದ್ದೆ. ಒಂದು ದಿನ ಅವನು, "ನನ್ನ ಕೈಯಲ್ಲೇ ಏನೋ ದೋಷ ಇದೆ ಕಣೋ, ಲೇತೂ ಬಿಟ್ಟುಬಿಡ್ಲಾ ಅನ್ಸುತ್ತೆ" ಅಂದ. ಅಷ್ಟು ನಾಜೂಕಿನ ಕೆಲಸಗಾರ. ಆ ಮಾತು ಕೇಳಿದ ಮೇಲೆ ಅವನ ಮುಖ ನೋಡಲಾಗಲಿಲ್ಲ. ಹೇಳುವ ಧೈರ್ಯವಿಲ್ಲದವನಿಗೆ ಓಡಿಹೋಗುವ ಧೈರ್ಯ ಮಾತ್ರ ಇರುತ್ತದೆ.

ಅವನಿಗೆ ಗೊತ್ತಾಗಿತ್ತೋ ಇಲ್ಲವೋ ನಾನು ಹೇಳಲಾರೆ. ಗೊತ್ತಾಗಿದ್ದರೆ ಯಾಕೆ ಬಿಚ್ಚಿಸಲಿಲ್ಲ? ಗೊತ್ತಾಗದಿದ್ದರೆ ಯಾಕೆ ನನ್ನನ್ನೇ ಕೇಳು ಅಂದ? ಆದರೆ ನೀವು ಕೊನೆಯ ಮಾತು ನನಗೆ ಸಿಕ್ಕಿತು ಎಂದು ಕೊರಗುತ್ತೀರಿ. ನೀನೇ ಕೇಳು ಅಂದದ್ದು ನಿಮಗೆ. ನನ್ನ ಮುಖಕ್ಕೆ ಕೇಳಬೇಕಾದ್ದನ್ನು ನಿಮ್ಮ ಕೈಯಲ್ಲಿ ಕಳಿಸಿದ. ಅವನಿಗೆ ನಂಬಿಕೆ ಇದ್ದದ್ದು ಯಾರ ಮೇಲೆ ಎಂದು ನೀವೇ ನೋಡಿ. ನನಗೂ ಹೊಟ್ಟೆಕಿಚ್ಚಿದೆ. ಆವತ್ತು ಇತ್ತು, ಇವತ್ತೂ ಇದೆ.

ಶಾಪ ಹಾಕಿದರೂ ಸರಿ, ಕಾಗದ ಮಾತ್ರ ನಿಲ್ಲಿಸಬೇಡಿ.

ಮೇಸ್ತ್ರಿ


ಜುಲೈ 1

ಮೇಸ್ತ್ರಿ,

ಶಾಪ ಹಾಕಲು ಕೂತಿದ್ದೆ. ಬರಲಿಲ್ಲ. ನನಗೆ ಬಂದದ್ದು ಬೇರೆ ಯೋಚನೆ, ಹೇಳಲು ನಾಚಿಕೆ. ನನಗಾದರೂ ಅವರನ್ನು ಮನೆಯಲ್ಲಿ ಹಿಡಿದಿಡಲು ಒಂದು ಕೊಳವೆ ಮುಚ್ಚಬೇಕು ಅಂತ ಯಾಕೆ ಹೊಳೆಯಲಿಲ್ಲ? ನೀವು ಕೆಟ್ಟದ್ದು ಮಾಡಿದಿರಿ, ಆದರೆ ಮಾಡಿದಿರಿ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ, ಅಷ್ಟೇ. ಅವರಿಗಾಗಿ ತಪ್ಪು ಮಾಡುವಷ್ಟು ಪ್ರೀತಿ ನನಗಿಂತ ನಿಮಗೇ ಹೆಚ್ಚಿತ್ತೇನೋ ಎಂದು ಹೊಟ್ಟೆ ಕುದಿಯುತ್ತದೆ.

ಇಲ್ಲಿಯ ಮೇಸ್ತ್ರಿ "ಬಿಚ್ಚಿ ಕೊಡಲಾ?" ಎಂದು ಕೇಳಿದ. ಬೇಡ ಅಂದೆ. ರೇಡಿಯೇಟರ್ ಹಾಗೆಯೇ ಬಾಯಿ ತೆರೆದು ಹಿತ್ತಲ ಬೆಂಚಿನ ಮೇಲಿದೆ. ಮುಚ್ಚಿದವರೇ ಬಿಚ್ಚಬೇಕು. ಆದರೆ ಸುಮ್ಮನೆ ಬಿಚ್ಚಲು ಬಿಡುವುದಿಲ್ಲ. ಯಾವ ದಿನ ಮುಚ್ಚಿದಿರೋ ಆ ದಿನವನ್ನು ಬೆಳಗ್ಗೆಯಿಂದ ಬರೆಯಿರಿ. ಏನು ಮಾತಾಡಿದರು, ಹೇಗೆ ನಕ್ಕರು, ಎಲ್ಲಾ. ಬಚ್ಚಿಟ್ಟುಕೊಳ್ಳಬೇಡಿ. ಅವರ ಭಾನುವಾರಗಳಲ್ಲಿ ಒಂದಾದರೂ ನನಗೆ ಪೂರ್ತಿ ಬೇಕು.

ಅವರ ಹೆಂಡತಿ


ಜುಲೈ 18

ನಮಸ್ಕಾರ.

ಬರೆಯುತ್ತೇನೆ. ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ, ಬಿಸಿಲು ಜೋರಿತ್ತು. ಅವನು ಏಳು ಗಂಟೆಗೆ ಬಂದ. ಬಾಗಿಲಲ್ಲೇ, "ಇವತ್ತು ಇದಕ್ಕೆ ಜೀವ ಬರಿಸೇ ಊಟ" ಅಂದ. ರೇಡಿಯೇಟರ್ ಒಂದು ಬಾಕಿ. ಹೊಸ ಕೊಳವೆ ಕಟ್ಟಿ ಮುಗಿಸಿದ್ದೆ, ಮೇಲಿನ ತೊಟ್ಟಿ ಬೆಸೆದು ಮೂತಿಗೆ ಕೂರಿಸಿದರೆ ಮುಗಿಯಿತು. ಅವನು ಒಂದು ಬೋಲ್ಟನ್ನು ಕಣ್ಣಿನ ಹತ್ತಿರ ಹಿಡಿದು, "ಯಾವನೋ ಇದನ್ನ ತಿರುಗಿಸಿದವ, ಅರ್ಧ ನೂಲು ತಿಂದಿದ್ದಾನೆ" ಅಂದ. "ನೀನೇ ಕಣೋ ತಿರುಗಿಸಿದ್ದು" ಅಂದೆ. ಬಗ್ಗಿ ಬಗ್ಗಿ ನಕ್ಕ. ನಗುವಾಗ ಅವನು ಮೊಣಕಾಲು ಹಿಡಿದುಕೊಳ್ಳುತ್ತಿದ್ದದ್ದು ನಿಮಗೆ ಗೊತ್ತು.

ಹನ್ನೊಂದರಿಂದ ಗಡಿಯಾರ ನೋಡಲು ಶುರು ಮಾಡಿದ.

"ಏನೋ ಅರ್ಧನೂಲು, ಗಡಿಯಾರದ ಜೊತೆ ಮದುವೆ ಗೊತ್ತಾಗಿದೆಯಾ?"

"ಹೊರಡ್ತೀನಿ ಕಣೋ."

"ಎಲ್ಲಿಗೆ? ಇನ್ನೊಂದು ಗಂಟೇಲಿ ಉಸಿರಾಡುತ್ತೆ ಇದು!"

"ಬೆಳಗ್ಗೆ ಬರೋವಾಗ ಅವಳು ಬಾಗಿಲಿಗೆ ಬರಲಿಲ್ಲ. ಕಿಟಕೀಲಿ ನಿಂತಿದ್ದಳು. ಆಗಿನಿಂದ ಅದೇ ಕಣ್ಣಮುಂದೆ ಇದೆ."

"ಸಂಜೆ ಹೋದರೆ ಕಿಟಕಿ ಓಡಿಹೋಗುತ್ತಾ?"

"ನಿನಗೆ ತಿಳಿಯಲ್ಲ ಬಿಡು. ಹೇಗೂ ಇದು ಮುಗೀತಲ್ಲ. ಇನ್ನು ಮೇಲೆ ಭಾನುವಾರ ಅವಳಿಗೆ."

ಸುಲಭವಾಗಿ ಹೇಳಿದ, ಸ್ಪ್ಯಾನರ್ ಒರೆಸಿ ಇಟ್ಟಷ್ಟು ಸುಲಭವಾಗಿ. ಕೈಯನ್ನೂ ಸರಿಯಾಗಿ ತೊಳೆಯದೆ ಹೋದ.

ನಾನು ಮತ್ತೆ ಬರುತ್ತಾನೇನೋ ಎಂದು ಬಾಗಿಲು ತೆರೆದಿಟ್ಟು ಕೂತೆ. ಅವನಿಗೂ ಸೇರಿಸಿ ತಂದಿದ್ದ ಬುತ್ತಿ ಬಿಚ್ಚಲಿಲ್ಲ. ಎರಡು ಗಂಟೆಯಾಯಿತು, ಮೂರಾಯಿತು. ನಿಮ್ಮಿಬ್ಬರ ಊಟ, ಮಾತು, ಮಧ್ಯಾಹ್ನದ ನಿದ್ದೆ ಎಲ್ಲಾ ಕಣ್ಣಿಗೆ ಕಟ್ಟಿತು. ನಾಲ್ಕಕ್ಕೆ ಬೆಸುಗೆಯ ಒಲೆ ಹೊತ್ತಿಸಿದೆ. ಕತ್ತಲಾಗುವ ಹೊತ್ತಿಗೆ ಇಪ್ಪತ್ತೆರಡು ಮುಗಿಸಿ ತೊಟ್ಟಿ ಮುಚ್ಚಿದೆ. ಬಾಗಿಲು ಆಗಲೂ ತೆರೆದೇ ಇತ್ತು. ಯಾರೂ ಬರಲಿಲ್ಲ.

ಆ ದಿನವನ್ನು ನಿಮಗೆ ಕೊಟ್ಟೆ. ನನಗೆ ಅದು ಬೇಕಾಗಿಯೂ ಇಲ್ಲ, ಅದು ಮೊದಲಿಂದ ನಿಮ್ಮದೇ.

ಮೇಸ್ತ್ರಿ


ಆಗಸ್ಟ್ 9

ಮೇಸ್ತ್ರಿಗಳೇ,

ನಿಮ್ಮ ಕಾಗದವನ್ನು ದಿನಕ್ಕೊಂದು ಸಲ ಓದಿದೆ. ಆ ಭಾನುವಾರ ನನಗೆ ನೆನಪಿದೆ. ಮರೆತಿದ್ದರೆ ಚೆನ್ನಾಗಿತ್ತು.

ಹನ್ನೆರಡೂವರೆಗೆ ಬಂದರು. ನಾನು ಒಬ್ಬಳೇ ಊಟಕ್ಕೆ ಕೂತಿದ್ದೆ. ಹೊಸ್ತಿಲಲ್ಲಿ ನಿಂತರು. ಕೈಯೆಲ್ಲ ಕಪ್ಪು. ಯಾಕೆ ಬಂದರೆಂದು ನಾನು ಕೇಳಬಹುದಿತ್ತು.

"ಯಾಕೆ, ಸವತಿ ಹೊರಗೆ ಹಾಕಿದಳಾ?" ಅಂದೆ.

ಅವರು ನಕ್ಕರು. ನಾನು ನಗಲಿಲ್ಲ. "ಊಟ ಇದೆಯಾ?" ಅಂದರು. "ಒಬ್ಬಳಿಗೆ ಆಗುವಷ್ಟೇ ಮಾಡಿದ್ದು. ಭಾನುವಾರ ಈ ಮನೇಲಿ ಇನ್ಯಾರು ಉಣ್ತಾರೆ?" ಅಂದೆ. ಸುಳ್ಳು. ಪಾತ್ರೆಯಲ್ಲಿ ಇತ್ತು. ಎದ್ದು ಬಡಿಸಲಿಲ್ಲ. ಅವರು ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದರು. "ಸರಿ, ನೀನು ಉಣ್ಣು" ಅಂದು ಚಪ್ಪಲಿ ಮೆಟ್ಟಿ ಹೋದರು. ದೀಪ ಹಚ್ಚಿದ ಮೇಲೆ ಬಂದರು. ನಿಮ್ಮಲ್ಲಿಗೇ ಹೋದರು ಎಂದುಕೊಂಡೆ. ಕೇಳಲೂ ಇಲ್ಲ. ಆ ಮಧ್ಯಾಹ್ನವನ್ನು ನಾಲ್ಕು ವರ್ಷ ನಿಮ್ಮ ತಲೆಗೆ ಕಟ್ಟಿದ್ದೆ. ನೀವು ನನ್ನ ತಲೆಗೆ ಕಟ್ಟಿದ್ದಿರಿ.

ಒಂದು ಗಂಟೆಯಿಂದ ಕತ್ತಲಾಗುವವರೆಗೆ. ನಿಮ್ಮ ಹತ್ತಿರ ಇರಲಿಲ್ಲ. ನನ್ನ ಹತ್ತಿರ ಇರಲಿಲ್ಲ. ಕಾರು ರೇಡಿಯೇಟರ್ ಇಲ್ಲದೆ ನಿಮ್ಮ ಶೆಡ್ಡಿನಲ್ಲೇ ನಿಂತಿತ್ತು, ಅದರ ಹತ್ತಿರವೂ ಇರಲಿಲ್ಲ. ಅವರಿಗೆ ನಮ್ಮ ಮೂವರನ್ನು ಬಿಟ್ಟರೆ ಬೇರೆ ಯಾರಿದ್ದರು? ಆ ಬಿಸಿಲಿನಲ್ಲಿ ಯಾವ ಬೀದಿಯಲ್ಲಿ ನಡೆದರೋ, ಯಾವ ಮೆಟ್ಟಿಲ ಮೇಲೆ ಕೂತರೋ. ಏನಾದರೂ ತಿಂದರೋ ಇಲ್ಲವೋ. ನಾವಿಬ್ಬರೂ ಅವರನ್ನು ಎಳೆದಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಆ ಹೊತ್ತು ಅವರು ಇಬ್ಬರ ಕೈಯಲ್ಲೂ ಇರಲಿಲ್ಲ.

ಇನ್ನು ನಿಮ್ಮ ಮೇಲೆ ಹೇಗೆ ಹೊಟ್ಟೆಕಿಚ್ಚು ಪಡಬೇಕೋ ತಿಳಿಯುತ್ತಿಲ್ಲ. ಅಭ್ಯಾಸ ತಪ್ಪಿದ ಹಾಗಾಗಿದೆ.

ಬೆಸುಗೆಯ ಸಾಮಾನು ತೆಗೆದುಕೊಂಡು ಬನ್ನಿ. ಇಪ್ಪತ್ತೆರಡನ್ನೂ ಒಂದೇ ದಿನ ಬಿಚ್ಚಿಬಿಡಿ. ನಾನು ಪಕ್ಕದಲ್ಲಿ ನಿಂತು ದೀಪ ಹಿಡಿಯುತ್ತೇನೆ, ನನಗೂ ಕಲಿಸಿ. ಭಾನುವಾರವೇ ಆಗಬೇಕೆಂದಿಲ್ಲ, ನಿಮಗೆ ರಜ ಸಿಕ್ಕ ದಿನ ಬನ್ನಿ. ದಾರಿಯಲ್ಲಿ ಏನೂ ತಿನ್ನಬೇಡಿ.

ಹಸಿದು ಬನ್ನಿ.

ಇಂತಿ,
ನಿಮ್ಮ ಅತ್ತಿಗೆ